ವಾಮನಣ್ಣನ ಸರ್ಟಿಫಿಕೇಟಿಗೆ ನಾನು ಪ್ಲಾಸ್ಟಿಕ್ಕು ಹಾಕಿಸಿದ್ದು

ಕಾಲೇಜೆಂದರೆ ಪಾಠ ಹೇಳುವವರು ಮತ್ತು ಕೇಳುವವರು ಎಂದು ನೀವು ತಿಳಿದಿದ್ದರೆ, ಆಫೀಸಿನಲ್ಲಿ ಕೂತವಳ ಮಾತನ್ನೂ ಸ್ವಲ್ಪ ಕೇಳಿ. ಕಾಲೇಜೆಂದರೆ ಒಂದು ಕಬ್ಬಿಣದ ಕಪಾಟು. ಯಾವ ಮೇಷ್ಟ್ರು ಎಷ್ಟನೇ ಸಲಕ್ಕೆ ಪಾಸಾದದ್ದು, ಯಾವ ಮೇಡಂ ವಯಸ್ಸಿನಲ್ಲಿ ನಾಲ್ಕು ವರ್ಷ ಕದ್ದದ್ದು ಎಂಬುದೆಲ್ಲ ಅದರ ಬೀಗದ ಕೈ ಇಟ್ಟುಕೊಂಡವರಿಗೆ ಮಾತ್ರ ಗೊತ್ತು. ಆ ಬೀಗದ ಕೈ ಇಪ್ಪತ್ತೆರಡು ವರ್ಷ ನನ್ನ ಬಳಿ ಇತ್ತು.

ಮೊನ್ನೆ ನನ್ನ ತಮ್ಮನ ಸೊಸೆ ಪ್ರೀಮಾ ಒಂದು ಪಾಲಿಟೆಕ್ನಿಕ್ಕಿನ ಆಫೀಸಿಗೆ ಸೇರಿದಳು. "ಆಂಟಿ, ಎಲ್ಲ ಕಂಪ್ಯೂಟರಲ್ಲೇ ಉಂಟು. ನಂಗೆ ಕೆಲಸವೇ ಇಲ್ಲ" ಎಂದು ನಕ್ಕಳು. ನಗಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಕ್ಕವಳೇ. ಈ ಬರಹ ಅವಳಿಗೆ ಮತ್ತು ಅವಳಂಥವರಿಗೆ. ನನಗೆ ಸಿಕ್ಕಿದ ಬಡ್ತಿ, ಕುವೈತಿನ ಸಾಲ್ಮಿಯಾದ ಹೋಟೆಲಿನಲ್ಲಿ ನನಗಾಗಿ ಕತ್ತರಿಸಿದ ಕೇಕು ಇವನ್ನೆಲ್ಲ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನನ್ನಿಂದ ಒಬ್ಬ ಒಳ್ಳೆಯ ಮೇಷ್ಟ್ರ ಅನ್ನಕ್ಕೇ ಕಲ್ಲು ಬೀಳುವುದಿತ್ತು, ಅದನ್ನು ಹೇಳುತ್ತೇನೆ.

ಕುವೈತಿನ ಮೈದಾನ್ ಹವಲ್ಲಿಯಲ್ಲಿ ನಾವಿದ್ದ ಬಿಲ್ಡಿಂಗಿನಿಂದ ಎಂಟು ನಿಮಿಷ ನಡೆದರೆ ನಮ್ಮ ಕಾಲೇಜು. ಯೂನಿವರ್ಸಿಟಿಯ ಮೆಟ್ಟಿಲು ಹತ್ತಲಾಗದವರಿಗೂ ಹತ್ತುವ ಆಸೆಯೇ ಇಲ್ಲದವರಿಗೂ ಅಲ್ಲಿ ಎರಡು ವರ್ಷದ ಕೋರ್ಸುಗಳಿದ್ದವು: ಆಫೀಸು ಕೆಲಸ, ಕರೆಂಟು ಕೆಲಸ, ಎಸಿ ಮತ್ತು ಫ್ರಿಜ್ಜಿನ ಕೆಲಸ. ಬೆಳಿಗ್ಗೆಯ ಬ್ಯಾಚಿಗೆ ಹೈಸ್ಕೂಲು ಮುಗಿಸಿದ ಕುವೈತಿ ಹುಡುಗರು ತಂದೆಯ ಕಾರಿನಲ್ಲಿ ಬಂದು ನಿದ್ದೆ ಮಾಡುತ್ತಿದ್ದರು. ಸಂಜೆಯ ಬ್ಯಾಚು ಬೇರೆ. ಸರ್ಕಾರಿ ಗುಮಾಸ್ತರು, ಆಸ್ಪತ್ರೆಯ ಅಟೆಂಡರುಗಳು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಬಿಡುವಾದ ತಾಯಂದಿರು ಬರುತ್ತಿದ್ದರು. ಇವರು ನಿದ್ದೆ ಮಾಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಅದಕ್ಕೇ ಕೆಲವು ಮೇಷ್ಟ್ರಿಗೆ ಸಂಜೆಯ ಬ್ಯಾಚೆಂದರೆ ಹೊಟ್ಟೆನೋವು ಬರುತ್ತಿತ್ತು.

ನಮ್ಮ ಡೀನ್ ಪ್ಯಾಲೆಸ್ತೀನಿನವರು. ಮಗನ ಹೆಸರು ನಬೀಲ್ ಆದ್ದರಿಂದ ಎಲ್ಲರಿಗೂ ಅವರು ಅಬು ನಬೀಲ್. ಸಣ್ಣ ಗಾಜಿನ ಲೋಟದಲ್ಲಿ ಸಕ್ಕರೆ ತುಂಬಿದ ಚಹಾ ಹಿಡಿದುಕೊಂಡೇ ಓಡಾಡುವ ಮನುಷ್ಯ. ರಿಜಿಸ್ಟರು ಎಂದರೆ ಅವರಿಗೆ ಧರ್ಮಗ್ರಂಥದ ಹಾಗೆ. ಮೇಷ್ಟ್ರುಗಳ ಅಸಲಿ ಸರ್ಟಿಫಿಕೇಟುಗಳೆಲ್ಲ ಕೆಲಸ ಬಿಡುವವರೆಗೆ ನನ್ನ ಕಪಾಟಿನಲ್ಲೇ ಇರಬೇಕು. ಸರ್ಟಿಫಿಕೇಟು ಕೈಯಲ್ಲಿದ್ದರೆ ಮೇಷ್ಟ್ರು ಬೇರೆ ಕಡೆಗೆ ಹಾರಿಬಿಡುತ್ತಾರೆ ಎಂದು ಕಫೀಲನ, ಅಂದರೆ ಕಾಲೇಜಿನ ಮಾಲಿಕನ, ಲೆಕ್ಕಾಚಾರ. ಒಬ್ಬೊಬ್ಬರಿಗೆ ರಿಜಿಸ್ಟರಿನಲ್ಲಿ ಒಂದೊಂದು ಪುಟ. ಸರ್ಟಿಫಿಕೇಟು ಬಂದದ್ದು, ಹೋದದ್ದು, ಸಹಿ, ಕೊನೆಯಲ್ಲಿ ಷರಾ. ಷರಾದ ಕಾಲಂ ಯಾವಾಗಲೂ ಖಾಲಿ. "ಅದೊಂದು ಯಾಕೆ ಸರ್, ಗೆರೆ ಎಳೆಯುವ ಕೆಲಸ ದಂಡ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಸಿಸ್ಟರ್ ಜೆಸ್ಸಿ, ಹೇಳಲಿಕ್ಕೆ ಏನಾದರೂ ಇದ್ದ ದಿನ ಜಾಗ ಇಲ್ಲದಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿದರು. ಈ ಮುದುಕನಿಗೆ ಬೇರೆ ಕೆಲಸವಿಲ್ಲ ಎಂದುಕೊಂಡು ನಾನು ಗೆರೆ ಎಳೆದೆ.

ಸರ್ಟಿಫಿಕೇಟು ನೋಡಿ ಮೇಷ್ಟ್ರನ್ನು ಅಳೆಯುವ ರೋಗ ನನಗೂ ಇತ್ತು. ನಮ್ಮಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಮಹಾಶಯರಿದ್ದರು. ಅವರ ಡಿಗ್ರಿಗಳನ್ನು ಬರೆಯಲು ನನ್ನ ಪುಟದಲ್ಲಿ ಒಂದು ಸಾಲು ಸಾಲುತ್ತಿರಲಿಲ್ಲ. ಅವರ ಕ್ಲಾಸಿನಲ್ಲಿ ಎಸಿ ಬಿಟ್ಟರೆ ಬೇರೆ ಯಾರೂ ಕೆಲಸ ಮಾಡುತ್ತಿರಲಿಲ್ಲ. ಆ ಎಸಿಯನ್ನು ಕೆಲಸ ಮಾಡಿಸುತ್ತಿದ್ದವರು ವಾಮನಣ್ಣ.

ವಾಮನಣ್ಣ ಮೂಲ್ಕಿ ಕಡೆಯವರು, ನಾನು ಕಿನ್ನಿಗೋಳಿಯವಳು. ನಮ್ಮ ಮನೆಮಾತು ಕೊಂಕಣಿಯಾದರೂ ಅವರ ಹತ್ತಿರ ನಾನು ತುಳುವಿನಲ್ಲೇ ಮಾತಾಡುತ್ತಿದ್ದೆ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ. ಅವರು ಹದಿನೇಳರ ಪ್ರಾಯದಲ್ಲಿ ಬೊಂಬಾಯಿಯ ಐಸ್ ಫ್ಯಾಕ್ಟರಿಯೊಂದಕ್ಕೆ ಸೇರಿ, ಮೂವತ್ತಾರರಲ್ಲಿ ಮೀಸೆ ಚಿಗುರದ ಹುಡುಗರ ಜೊತೆ ಬೆಂಚಿನಲ್ಲಿ ಕೂತು, ಕುಶಲಕೆಲಸ ಕಲಿಸುವವರ ತರಬೇತಿ ಪಾಸು ಮಾಡಿದವರು. ಅವರಲ್ಲಿದ್ದ ಅರ್ಹತಾ ಪತ್ರ ಅದೊಂದೇ. ಕ್ಲಾಸಿಗೆ ಅವರು ಪುಸ್ತಕ ತರುತ್ತಿರಲಿಲ್ಲ. ಮೊದಲ ದಿನ ಮಣ್ಣಿನ ಹೂಜಿಯಲ್ಲಿ ನೀರು ತರುತ್ತಿದ್ದರು. ಎಲ್ಲರಿಗೂ ಒಂದೊಂದು ಗುಟುಕು ಕುಡಿಸಿ, "ಇದಕ್ಕೆ ಕರೆಂಟು ಎಲ್ಲಿಂದ ಬಂತು ಹೇಳಿ" ಎಂದು ಕೇಳುತ್ತಿದ್ದರು. ಎರಡು ವರ್ಷದ ಕೋರ್ಸು ಆ ಪ್ರಶ್ನೆಯಿಂದ ಶುರುವಾಗುತ್ತಿತ್ತು. ಸ್ಕ್ರೂಡ್ರೈವರಿನ ಒಂದು ತುದಿ ಕಂಪ್ರೆಸರಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ರೋಗ ಹೇಳುತ್ತಿದ್ದರು. ವಿದ್ಯಾರ್ಥಿಗಳೂ ಸಾಲಾಗಿ ನಿಂತು ಕಿವಿ ಕೊಡಬೇಕಿತ್ತು.

ಆ ಕ್ಲಾಸಿನ ರುಚಿ ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಉಮ್ ಖಾಲಿದ್ ಎಂಬ ಐದು ಮಕ್ಕಳ ತಾಯಿ ಟೈಪಿಂಗ್ ಕಲಿಯಲು ಅರ್ಜಿ ಹಾಕಿದ್ದರು. ನಾನು ಅವರ ಅರ್ಜಿಯನ್ನು ಪಕ್ಕದ ಟ್ರೇಗೆ ಹಾಕಿದೆ, ಅಂದರೆ ಎಸಿ ಕೋರ್ಸಿಗೆ. ತಪ್ಪು ಗೊತ್ತಾದಾಗ ಒಂದು ತಿಂಗಳು ಕಳೆದಿತ್ತು. ನಾನು ಹೆದರಿ ಕ್ಷಮೆ ಕೇಳಲು ಹೋದರೆ ಆಕೆ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದರು. "ಟೈಪಿಂಗ್ ಬೇಡ. ನನ್ನ ಮನೆಯ ಎರಡು ಎಸಿ ನಾನೇ ಸರಿ ಮಾಡಿದೆ. ಗಂಡನಿಗೆ ಈಗ ನನ್ನ ಮೇಲೆ ಹೆದರಿಕೆ" ಎಂದರು. ಪರೀಕ್ಷೆಯಲ್ಲಿ ಆಕೆ ಮೂರನೆಯವರಾಗಿ ಪಾಸಾದರು.

ಅಬು ನಬೀಲರಿಗೂ ಆ ಕ್ಲಾಸಿನ ಹುಚ್ಚಿತ್ತು. ಸಂಜೆ ಆರೂವರೆಯಾದರೆ ಚಹಾದ ಲೋಟ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ಕೇಳಿದರೆ, "ನನ್ನ ರೂಮಿನ ಎಸಿ ಸರಿಯಿಲ್ಲ, ತಂಪಿಗೆ ಬಂದೆ" ಎನ್ನುತ್ತಿದ್ದರು. ವಾಮನಣ್ಣ ಅದನ್ನು ಮೂರು ಸಲ ಸರಿ ಮಾಡಿದರೂ ಡೀನರ ರೂಮು ತಂಪಾಗಲಿಲ್ಲ.

ತೊಂಬತ್ತರ ಮೊದಲ ತಿಂಗಳುಗಳಲ್ಲಿ ಸರ್ಕಾರದ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಕಲಿಸುವವರೆಲ್ಲರ ಅಸಲಿ ಅರ್ಹತಾ ಪತ್ರದ ಹಿಂಬದಿಗೆ ಇಲಾಖೆಯ ಸೀಲು ಬೀಳಬೇಕು. ಸೆಪ್ಟೆಂಬರಿನಲ್ಲಿ ಹೊಸ ವರ್ಷ ಶುರುವಾಗುವಾಗ ಸೀಲು ಇಲ್ಲದವರು ಕ್ಲಾಸಿಗೆ ಹೋಗುವಂತಿಲ್ಲ, ಅವರ ಇಕಾಮಾ, ಅಂದರೆ ವಾಸದ ಪರವಾನಗಿ, ಮುಂದುವರಿಯುವುದೂ ಇಲ್ಲ. ಎಲ್ಲರದ್ದೂ ಕಪಾಟಿನಲ್ಲಿತ್ತು, ವಾಮನಣ್ಣನದ್ದು ಬಿಟ್ಟು. ಊರಿಂದ ತರಿಸುತ್ತೇನೆ ಎನ್ನುತ್ತಲೇ ಅಷ್ಟು ವರ್ಷ ಅವರು ಒಂದು ನಕಲಿನಲ್ಲೇ ನಡೆಸಿದ್ದರು. ಅಸಲಿ ಮೂಲ್ಕಿಯಲ್ಲಿ ಹೆಂಡತಿ ಸುಮತಿಯಕ್ಕನ ಪೆಟ್ಟಿಗೆಯಲ್ಲಿತ್ತು. ನಾನು ಎಪ್ರಿಲಿನಲ್ಲಿ ಮದುವೆಯೊಂದಕ್ಕೆ ಊರಿಗೆ ಹೊರಟಿದ್ದೆ.

"ಜೆಸ್ಸಿ ಬಾಯಿ, ಬರುವಾಗ ಅದೊಂದು ತರ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ನಮ್ಮ ಕಡೆ ಕ್ರಿಸ್ತರ ಹೆಂಗಸರನ್ನು ಗೌರವದಿಂದ ಬಾಯಿ ಎಂದು ಕರೆಯುತ್ತಾರೆ.

"ಉಪ್ಪಿನಕಾಯಿ ತರ್ತೇನೆ, ಕಾಗದ ತರ್ಲಿಕ್ಕೆ ಎಂತ ಭಾರ" ಎಂದೆ.

ಊರಿಗೆ ಹೋದವರು ಬರುವಾಗ ಹತ್ತು ಮನೆಯ ಸಾಮಾನು ತರುವುದು ಗಲ್ಫಿನ ನಮ್ಮ ಪದ್ಧತಿ. ನನ್ನ ಪೆಟ್ಟಿಗೆಯಲ್ಲಿ ಐದು ಮನೆಯ ಮಾವಿನ ಮಿಡಿ, ಎರಡು ಮನೆಯ ಹಪ್ಪಳ, ಯಾರದೋ ತೆಂಗಿನೆಣ್ಣೆ. ಸುಮತಿಯಕ್ಕ ಸರ್ಟಿಫಿಕೇಟನ್ನು ಸೀರೆಯ ಮಡಿಕೆಯಿಂದ ತೆಗೆದು ಕೊಟ್ಟಾಗ ನಾನು ಬಿಡಿಸಿ ನೋಡಿದೆ. ನಾಲ್ಕು ಮಡಿಕೆ, ನಾಲ್ಕೂ ಹರಿಯುವ ಹಾಗಿತ್ತು, ಮೂಲೆಯನ್ನು ಇರುವೆ ತಿಂದಿತ್ತು. ಇದು ಮಿಡಿಯ ಎಣ್ಣೆಯೊಟ್ಟಿಗೆ ಕುವೈತಿಗೆ ಮುಟ್ಟಿದ ಹಾಗೆಯೇ ಎಂದುಕೊಂಡು ಸೀದಾ ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದೆ. ಆಗೆಲ್ಲ ನಮ್ಮ ಊರಿನಲ್ಲಿ ಅದೇ ಹೊಸ ಮರುಳು. ರೇಷನ್ ಕಾರ್ಡಿಗೆ ಪ್ಲಾಸ್ಟಿಕ್ಕು, ದೇವರ ಪಟಕ್ಕೆ ಪ್ಲಾಸ್ಟಿಕ್ಕು. ಬಿಸಿ ಯಂತ್ರದಿಂದ ಅದು ಪಳಪಳ ಹೊಳೆಯುತ್ತ ಹೊರಗೆ ಬಂದಾಗ ನಾನೇ ಕೋರ್ಸು ಪಾಸಾದಷ್ಟು ಖುಷಿಯಾಯಿತು. ಹಿಂಬದಿಗೆ ಸೀಲು ಬೀಳಬೇಕು ಎಂದು ಸುತ್ತೋಲೆಯನ್ನು ಟೈಪು ಮಾಡಿ ಹಂಚಿದವಳೇ ನಾನು. ಆ ಹೊತ್ತಿಗೆ ಮಾತ್ರ ನನ್ನ ಮಂಡೆಗೆ ಅದು ಹೋಗಲಿಲ್ಲ.

ವಾಮನಣ್ಣನಿಗೂ ಹೋಗಲಿಲ್ಲ. ಅದನ್ನು ಬೆಳಕಿಗೆ ಹಿಡಿದು, "ನನಗಿಂತ ಇದೇ ಚಂದ ಕಾಣ್ತದೆ" ಎಂದರು. ಮರುದಿನ ಇಬ್ಬರೂ ಇಲಾಖೆಗೆ ಹೋದೆವು.

ಅಲ್ಲಿ ಸೀಲಿನ ಕೌಂಟರಿನಲ್ಲಿ ಕೂತವನು ಜಾಸಿಮ್. ಇಪ್ಪತ್ತಾರು ವರ್ಷದ ಕುವೈತಿ, ಬೆಳಿಗ್ಗೆ ಸರ್ಕಾರಿ ಗುಮಾಸ್ತ, ಸಂಜೆ ವಾಮನಣ್ಣನ ಕ್ಲಾಸಿನ ಮೊದಲ ಬೆಂಚಿನ ವಿದ್ಯಾರ್ಥಿ. ನಮ್ಮ ಕೆಲಸ ಆದ ಹಾಗೆಯೇ ಎಂದು ನಾನು ಹಿಗ್ಗಿದೆ. ಅವನು ಎದ್ದು ನಿಂತು, "ಉಸ್ತಾದ್" ಎಂದು ಕೈ ಕುಲುಕಿ, ಚಹಾ ತರಿಸಿದ. ಸರ್ಟಿಫಿಕೇಟು ತಿರುಗಿಸಿ ಸೀಲು ಒತ್ತಿದ. ಬೆರಳಿನಿಂದ ಒರೆಸಿದ. ಸೀಲು ಬೆರಳಿಗೆ ಬಂತು.

"ಉಸ್ತಾದ್, ಪ್ಲಾಸ್ಟಿಕ್ಕಿಗೆ ಸೀಲು ನಿಲ್ಲುವುದಿಲ್ಲ. ಕಾಗದದ ಮೇಲೆಯೇ ಬೀಳಬೇಕು, ಹಾಗೆ ಬರೆದಿದೆ."

"ಬೇರೆ ಕಾಗದ ಅಂಟಿಸಿ ಅದರ ಮೇಲೆ ಹಾಕಪ್ಪ" ಎಂದೆ ನಾನು.

"ಅದು ಅಸಲಿ ಅಲ್ಲ, ಸಿಸ್ಟರ್. ನಾಳೆ ಯಾರಾದರೂ ಕೇಳಿದರೆ? ನನ್ನ ಕೆಲಸ ಖಲಾಸ್."

ನನಗೆ ಅವನ ಚಹಾವನ್ನು ಅವನ ಮೇಜಿನ ಮೇಲೇ ಚೆಲ್ಲುವಷ್ಟು ಸಿಟ್ಟು ಬಂತು. ವಾಮನಣ್ಣ ಮಾತ್ರ, "ಸರಿ ಹೇಳ್ತಾನೆ. ನಿಯಮ ಗೊತ್ತಿರುವವ" ಎಂದು ಎದ್ದರು. ಅದೇ ಸಂಜೆ ಜಾಸಿಮ್ ಮೊದಲ ಬೆಂಚಿನಲ್ಲಿ ಪುಸ್ತಕ ಬಿಡಿಸಿ ಕೂತಿದ್ದ. ವಾಮನಣ್ಣ ಅವನ ಹೋಮ್‌ವರ್ಕಿಗೆ ಹತ್ತಕ್ಕೆ ಏಳು ಕೊಟ್ಟರು. ನಾನಾಗಿದ್ದರೆ ಸೊನ್ನೆ ಕೊಡುತ್ತಿದ್ದೆ.

ಪ್ಲಾಸ್ಟಿಕ್ಕು ಬಿಡಿಸಲು ನನ್ನ ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ನೋಡಿದೆವು. ಒಂದು ಮೂಲೆ ಬಿಟ್ಟಿತು, ಅದರೊಟ್ಟಿಗೆ ಒಂದು ಅಕ್ಷರವೂ ಬಂತು. ವಾಮನಣ್ಣ ನನ್ನ ಕೈಯಿಂದ ಇಸ್ತ್ರಿ ಕಸಿದುಕೊಂಡರು. ಅವರು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. "ಸಾಕು ಬಾಯಿ, ಇನ್ನು ಮುಟ್ಟಬೇಡಿ" ಎಂದು, ಬಿಟ್ಟ ಮೂಲೆಯನ್ನು ತಾವೇ ಬಿಸಿ ಒತ್ತಿ ಮತ್ತೆ ಅಂಟಿಸಿದರು. ಆಮೇಲೆ ಊರಿನಲ್ಲಿ ಸರ್ಟಿಫಿಕೇಟು ಕೊಟ್ಟ ಬೋರ್ಡಿಗೆ ಎರಡನೇ ಪ್ರತಿ ಕೇಳಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಬರೆದೆವು. ಅಸಲಿಯನ್ನು ಕಪಾಟಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಅವರ ಪುಟ ತುಂಬಿದೆ. ಅವರಿಗೆ ಆಗ ಐವತ್ತು. ದೊಡ್ಡ ಮಗಳು ಕಾಲೇಜಿನಲ್ಲಿ, ಸಣ್ಣವಳು ಹತ್ತನೆಯಲ್ಲಿ. ಈ ಕೆಲಸ ಹೋದರೆ ಆ ಪ್ರಾಯದಲ್ಲಿ ಊರಿನಲ್ಲಿ ಅವರನ್ನು ಯಾರು ಕರೆಯುತ್ತಾರೆ? ಚರ್ಚಿನಲ್ಲಿ ಮೊಣಕಾಲೂರಿದರೂ ನನಗೆ ಕಾಣುತ್ತಿದ್ದುದು ಆ ಹೊಳೆಯುವ ಪ್ಲಾಸ್ಟಿಕ್ಕು.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಬಂತು. ಆ ಯುದ್ಧದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಕಪಾಟಿನ ಕಥೆ ಮಾತ್ರ ಹೇಳುತ್ತೇನೆ. ಕಾಲೇಜು ಮುಚ್ಚಿತು. ಸೆಪ್ಟೆಂಬರಿನಲ್ಲಿ ನಮ್ಮ ಜನರೆಲ್ಲ ಬಸ್ಸುಗಳಲ್ಲಿ ಬಾಗ್ದಾದಿನ ದಾರಿ ಹಿಡಿದು ಜೋರ್ಡಾನಿಗೆ ಹೊರಡತೊಡಗಿದರು. ಕಾಲೇಜಿನ ಇಂಡಿಯನ್ ಮೇಷ್ಟ್ರುಗಳು ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದರು. ಎಲ್ಲರದೂ ಒಂದೇ ಮಾತು: ನಮ್ಮ ಸರ್ಟಿಫಿಕೇಟು. ಜೀವ ಹೋಗುವ ಹೊತ್ತಿನಲ್ಲಿ ಕಾಗದದ ಚಿಂತೆಯಾ ಎಂದು ನೀವು ಕೇಳಬಹುದು. ಅಸಲಿ ಸರ್ಟಿಫಿಕೇಟು ಇಲ್ಲದೆ ಊರಿಗೆ ಹೋದ ಮೇಷ್ಟ್ರಿಗೆ ಜೀವ ಇದ್ದರೂ ಕೆಲಸವಿಲ್ಲ.

ಒಂದು ಬೆಳಿಗ್ಗೆ ಅಬು ನಬೀಲ್, ವಾಮನಣ್ಣ, ನಾನು ಹಿಂಬಾಗಿಲಿನಿಂದ ಕಾಲೇಜಿನೊಳಗೆ ಹೋದೆವು. ಎದುರಿನ ರಸ್ತೆಯಲ್ಲಿ ಸೈನಿಕರ ಚೆಕ್‌ಪೋಸ್ಟು ಇತ್ತು. ನಾನು ಕಪಾಟು ತೆಗೆದು ನಮ್ಮವರ ಒಂಬತ್ತು ಸರ್ಟಿಫಿಕೇಟು ಎಳೆದುಕೊಂಡು ಓಡಲು ತಯಾರಾದೆ. ಅಬು ನಬೀಲ್ ಕುರ್ಚಿ ಎಳೆದು ಕೂತು, ಕನ್ನಡಕ ಒರೆಸಿಕೊಂಡು, "ರಿಜಿಸ್ಟರು" ಎಂದರು.

"ಸರ್, ಹೊರಗೆ ಬಂದೂಕು ಹಿಡಿದು ನಿಂತಿದ್ದಾರೆ."

"ಅವರು ನಿಂತಿರಲಿ. ಪುಟ ತೆಗೆಯಿರಿ."

ಒಂಬತ್ತು ಪುಟ. ಪ್ರತಿ ಪುಟಕ್ಕೂ ಸಹಿ, ಪ್ರತಿ ಪುಟದ ಷರಾದಲ್ಲೂ ಅರಬ್ಬಿಯಲ್ಲಿ ಏನೋ ಬರೆದು ಕಾಲೇಜಿನ ಸೀಲು ಒತ್ತಿದರು. ಎಂಟು ಪುಟ ಬೇಗ ಮುಗಿಯಿತು. ವಾಮನಣ್ಣನ ಪುಟಕ್ಕೆ ಬಂದಾಗ ಅವರು ಬರೆದೇ ಬರೆದರು. ನಾನು ಮನಸ್ಸಿನಲ್ಲಿ ಅವರಿಗೆ ಶಾಪ ಹಾಕುತ್ತ ಕಿಟಕಿ ನೋಡುತ್ತಿದ್ದೆ. ಕೊನೆಗೆ ರಿಜಿಸ್ಟರನ್ನು ತಮ್ಮ ಕೋಟಿನೊಳಗೆ ಇಟ್ಟುಕೊಂಡು, "ಯಲ್ಲಾ, ಹೊರಡಿ, ದೇವರು ನಿಮ್ಮನ್ನು ಮನೆಗೆ ಮುಟ್ಟಿಸಲಿ" ಎಂದರು. "ನೀವು, ಸರ್?" ಎಂದು ವಾಮನಣ್ಣ ಕೇಳಿದರು. "ನನಗೆ ಹೋಗಲಿಕ್ಕೆ ಯಾವ ಮನೆ?" ಎಂದು ನಕ್ಕರು. ಆ ನಗು ನನಗೆ ಆಗ ಅರ್ಥವಾಗಲಿಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ನನ್ನ ಗಂಡ ಫೆಲಿಕ್ಸ್ ಸಾಲ್ಮಿಯಾದ ಹೋಟೆಲಿನಲ್ಲಿ ಸ್ಟೋರ್ ಕೀಪರ್. ಅವರು ತಂದ ಒಂದು ದೊಡ್ಡ ಐಸ್‌ಬಾಕ್ಸಿನ ತಳದಲ್ಲಿ ನಾನು ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟೆ. ಅದರ ಮೇಲೆ ಟವೆಲು, ಟವೆಲಿನ ಮೇಲೆ ಖುಬ್ಬೂಸ್ ರೊಟ್ಟಿ ಮತ್ತು ಖರ್ಜೂರ. ದಾರಿಯಲ್ಲಿ ಕಾಗದಪತ್ರ ಕಸಿಯುತ್ತಾರೆ ಎಂದು ಸುದ್ದಿಯಿತ್ತು, ಅದಕ್ಕೆ ಫೆಲಿಕ್ಸಿಗೂ ಹೇಳಲಿಲ್ಲ. ಅವರಿಗೆ ಗುಟ್ಟು ಹೇಳಿದರೆ ಬಸ್ಸಿಗೆಲ್ಲ ಹೇಳಿದ ಹಾಗೆ ಎಂದು ವಾಮನಣ್ಣನೂ ಒಪ್ಪಿದರು. ನಮ್ಮ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ಚೆಕ್‌ಪೋಸ್ಟುಗಳಲ್ಲಿ ಸೈನಿಕರು ಖರ್ಜೂರ ತಿಂದರು, ಟವೆಲು ಎತ್ತಲಿಲ್ಲ.

ಜೋರ್ಡಾನಿನ ಗಡಿಯ ಬಯಲಿನಲ್ಲಿ ಡೇರೆ ಸಿಕ್ಕಿತು. ಹತ್ತು ದಿನ ಅಲ್ಲಿದ್ದೆವು. ಮೂರನೆಯ ದಿನ ನಾನು ಹೆಸರು ಬರೆಸುವ ಸಾಲಿನಲ್ಲಿ ನಿಂತಿದ್ದಾಗ ನೀರಿನ ಟ್ಯಾಂಕರು ಬಂತಂತೆ. ಪಾತ್ರೆಯಿದ್ದವರಿಗೆ ಮಾತ್ರ ನೀರು. ನಾನು ಡೇರೆಗೆ ವಾಪಸು ಬಂದಾಗ ಫೆಲಿಕ್ಸ್ ಯುದ್ಧ ಗೆದ್ದವರ ಹಾಗೆ ಕೂತಿದ್ದರು. "ನೋಡು ಜೆಸ್ಸಿ, ಐಸ್‌ಬಾಕ್ಸ್ ಇಡೀ ತುಂಬಿಸಿದೆ. ತಳದಲ್ಲಿ ಟವೆಲ್ ಇತ್ತು, ಕಸ ಕೂರ್ಲಿಕ್ಕೆ ಒಳ್ಳೆದಾಯ್ತು ಅಂತ ಹಾಗೇ ಬಿಟ್ಟೆ."

ನಾನು ನೀರಿಗೆ ಮೊಣಕೈವರೆಗೆ ಕೈ ಹಾಕಿದೆ. ಚೀಲದ ಬಾಯಿ ಬಿಚ್ಚಿಹೋಗಿತ್ತು. ಆಗೆಲ್ಲ ಸರ್ಟಿಫಿಕೇಟಿನಲ್ಲಿ ಹೆಸರು ಶಾಯಿಯಲ್ಲಿ ಬರೆಯುತ್ತಿದ್ದರು. ಎಂಟು ಮಂದಿಯ ಹೆಸರು, ಊರು, ಕ್ಲಾಸು ಎಲ್ಲ ಕರಗಿ, ಕಾಗದಗಳು ಒಂದಕ್ಕೊಂದು ಅಂಟಿ ನೀಲಿ ಮುದ್ದೆಯಾಗಿದ್ದವು. ಒಂಬತ್ತನೆಯದನ್ನು ನಾನು ಸೀರೆಯ ಸೆರಗಿನಿಂದ ಒರೆಸಿದೆ. ಇಸ್ತ್ರಿಗೆ ಹೋದ ಆ ಒಂದು ಅಕ್ಷರ ಬಿಟ್ಟರೆ ಹಂಪನಕಟ್ಟೆಯಲ್ಲಿ ಹೇಗಿತ್ತೋ ಹಾಗೇ ಇತ್ತು.

ನಾನು ಮರಳಿನಲ್ಲಿ ಕೂತು ಜೋರಾಗಿ ಅತ್ತೆ. ವಾಮನಣ್ಣ ಬಂದು ಮುದ್ದೆಯನ್ನೂ ತಮ್ಮ ಸರ್ಟಿಫಿಕೇಟನ್ನೂ ನೋಡಿದರು. ಆಮೇಲೆ, "ಬಾಯಿ, ನೀವು ಎಲ್ಲರದ್ದೂ ಪ್ಲಾಸ್ಟಿಕ್ ಮಾಡಿಸ್ಬೇಕಿತ್ತು" ಎಂದರು. ಅಳುವಿನ ಮಧ್ಯೆ ನನಗೆ ನಗು ಬಂತು. ಫೆಲಿಕ್ಸ್ ಮಾತ್ರ ಎರಡು ದಿನ ಆ ನೀರು ಕುಡಿಯಲಿಲ್ಲ.

ಊರಿಗೆ ಮುಟ್ಟಿದ ಮೇಲೆ ಇಡೀ ವರ್ಷ ನನ್ನ ಕೆಲಸ ಅದೇ ಆಯಿತು. ಎಂಟು ಮಂದಿಯ ಮನೆಗೆ ಹೋಗಿ ಅಥವಾ ಬರೆದು ತಪ್ಪೊಪ್ಪಿಕೊಂಡೆ, ಎಂಟು ಯೂನಿವರ್ಸಿಟಿಗೆ ಅರ್ಜಿ ಬರೆದೆ. ಆ ವರ್ಷ ಒಂದು ಕಡೆಯಿಂದಲೂ ಎರಡನೇ ಪ್ರತಿ ಬರಲಿಲ್ಲ. ಬೈದವರು ಬೈದರು, ಬೈಯದವರ ಮುಖ ನೋಡುವುದೇ ಹೆಚ್ಚು ಕಷ್ಟವಾಯಿತು. ವಾಮನಣ್ಣನ ಬೋರ್ಡಿನಿಂದ ಉತ್ತರ ಬಂದಿತ್ತು: ಅಸಲಿ ಸುಸ್ಥಿತಿಯಲ್ಲಿರುವಾಗ ಎರಡನೇ ಪ್ರತಿ ಕೊಡಲಾಗುವುದಿಲ್ಲ.

ತೊಂಬತ್ತೊಂದರ ಅಕ್ಟೋಬರಿನಲ್ಲಿ ಕಾಲೇಜು ಮತ್ತೆ ತೆರೆಯಿತೆಂದು ಕರೆ ಬಂತು. ನಾನು, ವಾಮನಣ್ಣ ಮತ್ತು ಎಂಟರಲ್ಲಿ ಐವರು ಹೋದೆವು. ಎಣ್ಣೆಬಾವಿಗಳ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ, ಒಣಹಾಕಿದ ಬಟ್ಟೆಗೆ ಮಸಿ ಕೂರುತ್ತಿತ್ತು. ಕಾಲೇಜಿನ ಟೈಪ್‌ರೈಟರು, ಕಂಪ್ರೆಸರು, ಫ್ಯಾನಿನ ರೆಕ್ಕೆ ಸಮೇತ ಎಲ್ಲ ಲೂಟಿಯಾಗಿತ್ತು. ಫೈಲುಗಳನ್ನು ಸುಟ್ಟು ಚಹಾ ಕಾಯಿಸಿದ್ದರು. ನನ್ನ ಕಪಾಟು ಮಾತ್ರ ಭಾರದ್ದೆಂದೋ ಏನೋ ಉಳಿದಿತ್ತು. ಬಾಗಿಲು ತೆಗೆದರೆ ಒಳಗೆ ಒಂದೇ ಒಂದು ವಸ್ತು: ರಿಜಿಸ್ಟರು, ಅದರದೇ ಜಾಗದಲ್ಲಿ. ಅಬು ನಬೀಲ್ ಅದನ್ನು ತಂದಿಟ್ಟು ಬೇಸಿಗೆಯಲ್ಲಿ ಅಮ್ಮಾನಿಗೆ ಹೋದರೆಂದು ಕಾವಲಿನವ ಹೇಳಿದ. ಪ್ಯಾಲೆಸ್ತೀನಿನ ಮುಖಂಡರು ಇರಾಕಿನ ಕಡೆ ನಿಂತರೆಂಬ ಸಿಟ್ಟಿಗೆ ಅವರ ಜನರಿಗೆಲ್ಲ ಇಕಾಮಾ ಮುಂದುವರಿಯುವುದು ಕಷ್ಟವಾಗಿತ್ತು. ಮೂವತ್ತು ವರ್ಷ ಇದ್ದ ಊರು ಅದು ಅವರಿಗೆ.

ಇಲಾಖೆ ಹೊಸ ನಿಯಮ ಮಾಡಿತ್ತು. ಅರ್ಹತಾ ಪತ್ರ ಕಳೆದಿದ್ದರೆ ಅಥವಾ ಹಾಳಾಗಿದ್ದರೆ, ಅಸಲಿಯನ್ನು ನೋಡಿದ್ದೇನೆಂದು ಕಾಲೇಜಿನ ಮುಖ್ಯಸ್ಥರು ಬರೆದ ದಾಖಲೆಯ ಮೇಲೆ ಸೀಲು ಬೀಳುತ್ತದೆ. ಅಬು ನಬೀಲ್ ಬಂದೂಕಿನ ಎದುರು ಕೂತು ಬರೆದದ್ದು ಅದನ್ನೇ. ನಾನು ರಿಜಿಸ್ಟರನ್ನೇ ಒಯ್ದೆ. ಜಾಸಿಮ್ ಅದೇ ಕೌಂಟರಿನಲ್ಲಿದ್ದ, ತುಂಬ ಇಳಿದುಹೋಗಿದ್ದ. ಒಂದೇ ಬೆಳಿಗ್ಗೆ ಐದು ಪುಟಕ್ಕೆ ಸೀಲು ಹಾಕಿದ. ಉಳಿದ ಮೂವರ ಪುಟಗಳ ನಕಲನ್ನು ಅವರವರ ಮನೆಗೆ ಪೋಸ್ಟು ಮಾಡಿದೆ.

"ಉಸ್ತಾದರದ್ದು?" ಎಂದು ಜಾಸಿಮನೇ ಕೇಳಿದ. ಪ್ಲಾಸ್ಟಿಕ್ಕಿನದ್ದನ್ನು ಎದುರಿಗಿಟ್ಟೆ. ಅವನು ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತ. "ಸಿಸ್ಟರ್, ಇದು ಹಾಳಾಗಿಲ್ಲವಲ್ಲ."

ನೋಡಿ ನಮ್ಮ ಗ್ರಹಚಾರ. ನೀರಿನಲ್ಲಿ ಕರಗಿದವರೆಲ್ಲ ದಡ ಸೇರಿದರು, ತೇಲಿದವರೊಬ್ಬರೇ ಮುಳುಗಿದರು. ತಿಂಗಳ ಕೊನೆಯೊಳಗೆ ಸೀಲು ಬಾರದಿದ್ದರೆ ಎಸಿ ಕೋರ್ಸಿಗೆ ಬೇರೆಯವರನ್ನು ತರುತ್ತೇವೆ, ವಾಮನಣ್ಣ ಊರಿಗೆ ಹೋಗಬಹುದು ಎಂದು ಹೊಸ ಡೀನ್ ಹೇಳಿದರು. ಕುವೈತಿನಲ್ಲಿ ಆಗ ಮನೆಮನೆಯ ಎಸಿ ಕೆಟ್ಟು ಕೂತಿತ್ತು. ಸಂಜೆಯ ಬ್ಯಾಚಿಗೆ ಅರವತ್ತು ಅರ್ಜಿ ಬಂದಿದ್ದವು, ಉಮ್ ಖಾಲಿದ್ ತಮ್ಮ ಇಬ್ಬರು ತಂಗಿಯರನ್ನು ಸೇರಿಸಿದ್ದರು.

"ಕಳೆದಿದೆ ಅಂತ ಹೇಳಿಬಿಡುವ ವಾಮನಣ್ಣ. ಯಾರಿಗೆ ಗೊತ್ತಾಗ್ತದೆ" ಎಂದೆ ನಾನು.

"ಜಾಸಿಮನಿಗೆ ಗೊತ್ತುಂಟಲ್ಲ. ನನ್ನ ವಿದ್ಯಾರ್ಥಿಯ ಕೈಯಿಂದ ಸುಳ್ಳಿಗೆ ಸೀಲು ಹಾಕಿಸುವುದಾ?"

ಮರುದಿನ ಬೆಳಿಗ್ಗೆ ಅವರು ಆಫೀಸಿಗೆ ಬಂದು, ತಗಡು ಕತ್ತರಿಸುವ ಕತ್ತರಿಯನ್ನು ನನ್ನ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಸರ್ಟಿಫಿಕೇಟು.

"ಅಂಟಿಸಿದವರು ನೀವು. ಕತ್ತರಿಸುವವರೂ ನೀವೇ."

"ನನ್ನಿಂದ ಆಗ್ಲಿಕ್ಕಿಲ್ಲ. ಮೂವತ್ತಾರರಲ್ಲಿ ಓದಿ ತೆಗೆದದ್ದು ನೀವು ಅದನ್ನು."

"ಓದಿದ್ದು ಎಲ್ಲಿ ಹೋಗ್ತದೆ ಬಾಯಿ? ನೇಮ್‌ಪ್ಲೇಟು ಹೋದರೆ ಕಂಪ್ರೆಸರು ನಿಲ್ತದಾ? ಹಿಡೀರಿ, ಕೈ ನಡುಗಬಾರದು" ಎಂದರು. ಹೇಳಿದ್ದು ಹಾಗೆ, ಆದರೆ ನಾನು ಕತ್ತರಿ ಇಡುವಾಗ ಅವರು ಮುಖ ಗೋಡೆಯ ಕಡೆ ತಿರುಗಿಸಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೈಯಾರೆ ಹಾಳು ಮಾಡಿದ ದಾಖಲೆ ಅದೊಂದೇ. ಕಟಕ್ಕೆಂದು ಎರಡು ತುಂಡಾಯಿತು.

ತುಂಡುಗಳನ್ನೂ ರಿಜಿಸ್ಟರನ್ನೂ ಹಿಡಿದು ಇಬ್ಬರೂ ಜಾಸಿಮನ ಎದುರು ಕೂತೆವು. ಅವನು ಎರಡೂ ತುಂಡನ್ನು ಜೋಡಿಸಿ ನೋಡಿ, "ಇದು ಯುದ್ಧದಲ್ಲಿ ಆದದ್ದಾ?" ಎಂದು ಕೇಳಿದ. ನಾನು ಹೌದೆನ್ನಲು ಬಾಯಿ ತೆರೆದೆ.

"ಅಲ್ಲ. ಈಗ ಬೆಳಿಗ್ಗೆ ಎಂಟು ಗಂಟೆಗೆ ಆದದ್ದು" ಎಂದರು ವಾಮನಣ್ಣ.

ಜಾಸಿಮ್ ಸುತ್ತೋಲೆ ತೆಗೆದು ಓದಿದ. ಮತ್ತೊಮ್ಮೆ ಓದಿದ. "ಕಳೆದಿದ್ದರೆ ಅಥವಾ ಹಾಳಾಗಿದ್ದರೆ ಅಂತ ಇದೆ. ಯಾವಾಗ ಅಂತ ಕೇಳಿಲ್ಲ" ಎಂದು ತನಗೇ ಹೇಳಿಕೊಂಡ. ಆದರೂ ಸೀಲಿಗೆ ಕೈ ಹಾಕಲಿಲ್ಲ. ರಿಜಿಸ್ಟರಿನಲ್ಲಿ ವಾಮನಣ್ಣನ ಪುಟ ತೆಗೆದು ಷರಾದ ಮೇಲೆ ಬೆರಳಿಟ್ಟು ಓದತೊಡಗಿದ. ಐದು ಪುಟಗಳಲ್ಲಿ ಅವನು ಅರೆಗಳಿಗೆ ಓದಿದ್ದ, ಇಲ್ಲಿ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ನನಗೆ ಹೆದರಿಕೆಯಾಯಿತು. "ಎಂತ ಬರೆದಿದ್ದಾರೆ?" ಎಂದು ಕೇಳಿದೆ.

ಅವನು ಇಂಗ್ಲಿಷಿನಲ್ಲಿ 'ಮೂಲ ಪತ್ರ ನೋಡಿದ್ದೇನೆ' ಎಂದು ಓದಿದ. ಅದು ಎಲ್ಲರ ಪುಟದಲ್ಲೂ ಇದ್ದದ್ದೇ. ಆಮೇಲಿನದ್ದನ್ನು ನಿಧಾನವಾಗಿ ಓದಿದ: 'ಇವರು ಪಾಠ ಮಾಡುವುದನ್ನೂ ಹಿಂದಿನ ಬೆಂಚಿನಲ್ಲಿ ಇಡೀ ಒಂದು ವರ್ಷ ಕೂತು ನೋಡಿದ್ದೇನೆ. ನನ್ನ ರೂಮಿನ ಎಸಿ ಸರಿಯಾಗಿಯೇ ಇತ್ತು. ಈ ಕಾಗದ ಕಳೆದುಹೋದರೂ ಇವರು ಮೇಷ್ಟ್ರು.'

ವಾಮನಣ್ಣ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಜಾಸಿಮ್ ಸೀಲನ್ನು ಶಾಯಿಗೆ ಎರಡು ಸಲ ಒತ್ತಿ, ಪುಟದ ಮೇಲೆ ಇಟ್ಟು, ಅಂಗೈಯಿಂದ ಒತ್ತಿ ಹಿಡಿದ. ಆಮೇಲೆ ಬೆರಳಿನಿಂದ ಒರೆಸಿ ನೋಡಿದ. ಸೀಲು ಅಲ್ಲೇ ನಿಂತಿತ್ತು.

ಆ ಸಂಜೆ ಅವನು ಮೊದಲ ಬೆಂಚಿನಲ್ಲಿ ಬಂದು ಕೂತ. ವಾಮನಣ್ಣ ಹೋಮ್‌ವರ್ಕಿಗೆ ಹತ್ತಕ್ಕೆ ಆರು ಕೊಟ್ಟರು. ಒಂದು ವರ್ಷದಲ್ಲಿ ಮರೆತಿದ್ದಾನೆ, ಒಂದು ಕಡಿಮೆ ಎಂದರು.

ಇದನ್ನೆಲ್ಲ ಬರೆದು ನಾನು ಅಮ್ಮಾನಿಗೆ ಕಾಗದ ಹಾಕಿದೆ. ಎರಡು ತಿಂಗಳಿಗೆ ಅಬು ನಬೀಲರ ಉತ್ತರ ಬಂತು, ನಾಲ್ಕೇ ಸಾಲು. ಅವರಿಗೆ ಅಲ್ಲಿ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಕೊನೆಯ ಸಾಲು ಹೀಗಿತ್ತು: 'ರಿಜಿಸ್ಟರಿಗೆ ಹೊಸ ರಟ್ಟು ಹಾಕಿಸಿ, ಸಿಸ್ಟರ್ ಜೆಸ್ಸಿ. ಪ್ಲಾಸ್ಟಿಕ್ಕು ಬೇಡ.'

ಹಾಕಿಸಿದೆ. ಆಮೇಲೆ ನಾನು ಎಷ್ಟೋ ಮೇಷ್ಟ್ರುಗಳ ಪುಟ ತುಂಬಿದೆ, ಕಾಗದದಿಂದ ಕಂಪ್ಯೂಟರಿಗೂ ಹೋದೆ. ಅಲ್ಲಿ ಷರಾದ ಕಾಲಂ ಇರಲಿಲ್ಲ, ಜಗಳ ಮಾಡಿ ಹಾಕಿಸಿಕೊಂಡೆ. ನಿನ್ನದರಲ್ಲಿ ಉಂಟಾ ಪ್ರೀಮಾ, ನೋಡು. ಇದ್ದರೆ, ತುಂಬಿಸುವ ಮೊದಲು ಎದ್ದು ಹೋಗಿ ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತು ಬಾ. ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ, ಆಫೀಸಿನ ಎಸಿ ಸರಿಯಿಲ್ಲ ಎಂದು ಹೇಳು.